ಮಗುವಿನ ನಡುವಿನ ಹೆಸರು

ಹ್ಯಾಲಿಫ್ಯಾಕ್ಸ್, ಭಾನುವಾರ ಮಧ್ಯಾಹ್ನ

ಅಪ್ಪಾ,

ಇವತ್ತು ಚರ್ಚಿನಲ್ಲಿ ಒಂದು ಎಡವಟ್ಟು ಮಾಡಿದೆ. ಯಾಕೆ ಹಾಗೆ ಮಾಡಿದೆ ಅಂತ ಹೇಳಿಕೊಳ್ಳಲು ನೀನೊಬ್ಬನೇ ಇರುವುದು, ನೀನೋ ಇಲ್ಲ.

ನನ್ನ ಮಗಳು ಇಮೋಜೆನ್‌ಗೆ ಹೆಣ್ಣು ಮಗು ಹುಟ್ಟಿದೆ. ಇವತ್ತು ಅದರ ದೀಕ್ಷಾಸ್ನಾನ, ಮಗುವಿನ ಪರವಾಗಿ ಉತ್ತರಿಸುವ ಜ್ಞಾನತಾಯಿ ನಾನೇ. "ಈ ಮಗುವಿಗೆ ಹೆಸರಿಡಿ" ಎಂದು ಪಾದ್ರಿ ಕೇಳಿದಾಗ, ಹೇಳಿಕೊಟ್ಟಂತೆ "ಮೇಬಲ್ ರೋಸ್" ಅಂದರೆ ಮುಗಿಯುತ್ತಿತ್ತು. "ಮೇಬಲ್ ಚಾಲನರ್" ಅಂದುಬಿಟ್ಟೆ. ಪಾದ್ರಿ ಅದನ್ನೇ ಹೇಳಿ ಮಗುವಿನ ತಲೆಗೆ ಮೂರು ಸಲ ನೀರು ಹಾಕಿದರು.

ಇಮೋಜೆನ್ ಹುಟ್ಟಿದಾಗ ನೀನು ಆಸ್ಪತ್ರೆಗೆ ಬಂದು ಕೇಳಿದ್ದೂ ಈ ಹೆಸರನ್ನೇ.

"ನಮ್ಮೋರು ಹಿಂದೆ ಕಂಬಳಿ ಮಾಡ್ತಿದ್ರು ಕಣೇ, ಚಾಲನರ್ ಅಂದ್ರೆ ಕಂಬಳಿಯೋರು, ಅದಕ್ಕೇ ನಮ್ಮ ಮನೆತನಕ್ಕೆ ಆ ಹೆಸರು. ನೀನು ಮದುವೆಯಾದ್ಮೇಲೆ ಆ ಹೆಸರಿಗೆ ಉಳಿದಿರೋನು ನಾನೊಬ್ಬನೇ. ಮಗೂಗೆ ನಡುವಿನ ಹೆಸರಾಗಿ ಇಡು, ಯಾರೂ ಕೂಗಬೇಕಾಗಿಲ್ಲ."

"ನಿನ್ನ ಗೋರಿ ಮೇಲಿದ್ರೆ ಸಾಕು ಬಿಡಪ್ಪ" ಅಂದೆ. ನೀನು ಟೋಪಿ ಎತ್ತಿಕೊಂಡು ಹೋದೆ. ಮತ್ತೆ ನೀನು ಬರಲಿಲ್ಲ, ನಾನೂ ಕರೆಯಲಿಲ್ಲ. ಗೋರಿಯ ಮೇಲೆ ಏನು ಕೆತ್ತಿದ್ದಾರೋ, ಇವತ್ತಿಗೂ ನೋಡಿಲ್ಲ.

ಇಮೋಜೆನ್ ರೇಗುತ್ತಾಳೆ ಅಂದುಕೊಂಡಿದ್ದೆ. ರೇಗಲಿಲ್ಲ. ಹೊರಗೆ ಬಂದಮೇಲೆ ಮಗುವಿನ ಕಂಬಳಿ ಸರಿಮಾಡುತ್ತಾ ಕೇಳಿದಳು:

"ಬ್ಯಾಂಕಿನೋರು ಫೋನಲ್ಲಿ ಗುರುತಿಗೆ ಅಂತ ತಾಯಿಯ ತವರಿನ ಮನೆತನದ ಹೆಸರು ಕೇಳ್ತಾರಲ್ಲ, ಅದಲ್ವಾ ಇದು? ಇಷ್ಟು ವರ್ಷ ಹೇಳ್ತಾನೇ ಇದೀನಿ. ಆ ಹೆಸರಿನೋರು ಯಾರಿದ್ರಮ್ಮ?"