ಗಾಜಿನ ಕೊಠಡಿಯಲ್ಲಿ ಕೂತು ಅಳುವುದು ಹೇಗೆ?

ಆಂಬುಲೆನ್ಸ್ ಕರೆ ಕೇಂದ್ರದ ಮಾನ್ಯ ನಿರ್ದೇಶಕರೇ,

ನಮ್ಮ ಮನಃಶಾಸ್ತ್ರಜ್ಞೆಯನ್ನು ಈ ತಿಂಗಳ ಕೊನೆಗೆ ಮನೆಗೆ ಕಳಿಸುತ್ತಿದ್ದೀರಿ. ಕಾರಣವನ್ನು ಸೂಚನಾ ಫಲಕದಲ್ಲಿ ನೀವೇ ಹಾಕಿಸಿದ್ದೀರಿ: "ಆಪ್ತಸಮಾಲೋಚನಾ ಕೊಠಡಿಗೆ ಯಾರೂ ಬಾರದಿರುವುದರಿಂದ ಸಿಬ್ಬಂದಿಗೆ ಒತ್ತಡವಿಲ್ಲವೆಂದು ತಿಳಿಯಲಾಗಿದೆ." ಆಹಾ, ಎಂಥ ಸಂಶೋಧನೆ! ಹೋಟೆಲಿಗೆ ಬೀಗ ಜಡಿದು, ಊರಲ್ಲಿ ಯಾರಿಗೂ ಹಸಿವಿಲ್ಲ ಎಂದ ಹಾಗಾಯಿತು.

ಆ ಕೊಠಡಿಯನ್ನು ಕಟ್ಟಿಸಿದವರು ಯಾರು ಸ್ವಾಮಿ? ನಾಲ್ಕೂ ಕಡೆ ಗಾಜು. ಈ ಬದಿಗೆ ಮೇಲ್ವಿಚಾರಕರ ಮೇಜು, ಆ ಬದಿಗೆ ಕುಡಿಯುವ ನೀರಿನ ನಲ್ಲಿ. ಒಳಗೆ ಕೂತವರು ಮೂಗು ಒರೆಸಿಕೊಂಡರೂ ಇಡೀ ಪಾಳಿಗೆ ಸುದ್ದಿ. ಬಡ್ತಿಯ ಮಾತು ಬಂದಾಗ "ಅವಳಾ? ಅವಳಿಗೆ ಸ್ವಲ್ಪ..." ಎಂದು ಮೇಲ್ವಿಚಾರಕರು ತಲೆಯ ಪಕ್ಕ ಬೆರಳು ತಿರುಗಿಸುತ್ತಾರೆ. ಉದ್ಘಾಟನೆಯ ದಿನ ನೀವು ರಿಬ್ಬನ್ ಕತ್ತರಿಸಿ "ಪಾರದರ್ಶಕತೆ" ಎಂದಿರಿ. ನಾವೂ ಚಪ್ಪಾಳೆ ತಟ್ಟಿದೆವು, ಏನು ಮಾಡುವುದು?

ಮನಃಶಾಸ್ತ್ರಜ್ಞೆಗೆ ಇದು ಬೇಗ ಅರ್ಥವಾಯಿತು. ಎರಡು ಕುರ್ಚಿ ಎತ್ತಿಕೊಂಡು, ಹಿಂದೆ ಆಂಬುಲೆನ್ಸಿನ ರಗ್ಗುಗಳನ್ನು ಪೇರಿಸಿಡುವ ಸ್ಟೋರ್ ರೂಮಿಗೆ ಹೋದರು. ಅದಕ್ಕೆ ಮರದ ಬಾಗಿಲಿದೆ, ಮುಚ್ಚುತ್ತದೆ ಕೂಡ! ರಗ್ಗು ಎಣಿಸುವ ನೆಪದಲ್ಲಿ ನಾವು ಒಬ್ಬೊಬ್ಬರಾಗಿ ಹೋದೆವು. ಕೇಂದ್ರದ ಆಸ್ತಿಯನ್ನು ಅಷ್ಟು ಶ್ರದ್ಧೆಯಿಂದ ಯಾರೂ ಎಣಿಸಿರಲಿಕ್ಕಿಲ್ಲ.

ನಾನು ಹೋಗಿದ್ದು ಮಗಳಿಗಾಗಿ. ಒಂದು ಸಂಜೆ ಅವಳು ಕಾಲೇಜಿನಿಂದ ಅಳುತ್ತಾ ಫೋನ್ ಮಾಡಿದಳು. ದಿನವಿಡೀ ಆಂಬುಲೆನ್ಸ್ ಕರೆ ಸ್ವೀಕರಿಸುವ ನನ್ನ ಬಾಯಿಂದ ಬಂದದ್ದು: "ಗಾಬರಿಯಾಗಬೇಡಿ. ಮೊದಲು ವಿಳಾಸ ಹೇಳಿ."

"ಅಮ್ಮಾ, ನಾನಮ್ಮಾ!" ಎಂದಳು.

ನಾನು ಮತ್ತೆ ವಿಳಾಸ ಕೇಳಿದೆ. ಅವಳು ಫೋನ್ ಇಟ್ಟಳು. ಅಂದಿನಿಂದ ಏನಿದ್ದರೂ ಅವರಪ್ಪನಿಗೇ ಹೇಳುತ್ತಾಳೆ.

ಇದನ್ನು ಕೇಳಿ ಆಕೆ "ಧ್ಯಾನ ಮಾಡಿ, ನಗುನಗುತ್ತಾ ಇರಿ" ಎಂದೇನೂ ಉಪದೇಶಿಸಲಿಲ್ಲ. "ಕೊನೇ ಕರೆ ಮುಗಿಸಿ ಎಲ್ಲಿಗೆ ಹೋಗ್ತೀರಾ?" ಎಂದು ಕೇಳಿದರು.

"ಎಲ್ಲಿಗೆ ಮೇಡಂ, ಇನ್ನೊಂದು ಶಿಫ್ಟಿಗೆ. ಯಾರಾದ್ರೂ ರಜಾ ಹಾಕಿರ್ತಾರಲ್ಲ."

"ಆಗಲ್ಲ ಅಂತ ಯಾವತ್ತಾದ್ರೂ ಹೇಳಿದೀರಾ?"

"ಹೇಳಿದ್ರೆ ಕೆಲಸ ಉಳಿಯತ್ತಾ?"

"ನಾನೇ ಮೇಲ್ವಿಚಾರಕಿ ಅಂದ್ಕೊಂಡು ಒಂದ್ಸಲ ಹೇಳಿ ನೋಡೋಣ."

ಊರಿಗೆಲ್ಲ ಧೈರ್ಯ ಹೇಳುವ ನನಗೆ ಒಂದು "ಆಗಲ್ಲ" ಹೊರಡಿಸಲು ಎಷ್ಟೋ ಸಲ ರಗ್ಗು ಎಣಿಸಬೇಕಾಯಿತು. ಕೊನೆಗೊಂದು ದಿನ ಮೇಲ್ವಿಚಾರಕರ ಮುಖಕ್ಕೇ ಹೇಳಿದೆ. ಆಕಾಶವೇನೂ ಕಳಚಿ ಬೀಳಲಿಲ್ಲ. ಅವರ ಮುಖ ಮಾತ್ರ ಇಂಗು ತಿಂದ ಮಂಗನಂತಾಯಿತು.

ಓಹೋ, ನಾವು "ಆಗಲ್ಲ" ಎನ್ನಲು ಕಲಿತದ್ದೇ ನಿಮ್ಮ ನಿಜವಾದ ತಕರಾರು ಏನು? ಕಳೆದ ವಾರ ಸ್ಟೋರ್ ರೂಮಿಗೆ ಬೀಗ ಬಿತ್ತು. ಯಾರ್ಯಾರು ಹೋಗಿದ್ದರೆಂದು ನೀವು ಕೇಳಿದಿರಂತೆ, ಆಕೆ ಬಾಯಿ ಬಿಡಲಿಲ್ಲವಂತೆ. ನಾನೇ ಹೇಳುತ್ತೇನೆ, ಕೇಳಿ: ನಾನು ಹೋಗಿದ್ದೆ. ಇನ್ನೂ ಹೋಗಬೇಕಾಗಿದೆ. ಮಗಳು ಈಗೀಗ ನನ್ನ ಜೊತೆ ಊಟಕ್ಕೆ ಕೂರುತ್ತಾಳೆ, ಫೋನ್ ಮಾತ್ರ ಇನ್ನೂ ಮಾಡುವುದಿಲ್ಲ.

ಆದ್ದರಿಂದ ಆದೇಶ ವಾಪಸು ಪಡೆಯಿರಿ, ಸ್ಟೋರ್ ರೂಮಿನ ಕೀಲಿಯನ್ನು ಆಕೆಯ ಕೈಗೆ ಕೊಡಿ. ಇಲ್ಲವಾದರೆ ಸೋಮವಾರದಿಂದ ಊಟದ ಬಿಡುವಿನಲ್ಲಿ ನಿಮ್ಮ ಗಾಜಿನ ಕೊಠಡಿಗೇ ಬರುತ್ತೇವೆ. ಒಬ್ಬರಾದ ಮೇಲೊಬ್ಬರು ಕೂತು, ಎಲ್ಲರೆದುರಿಗೇ ಅಳುತ್ತೇವೆ. ಒತ್ತಡ ಇದೆಯೋ ಇಲ್ಲವೋ, ಎದುರಿಗೆ ನಿಂತು ನೀವೇ ನೋಡಿಕೊಳ್ಳಿ.

ಇಂತಿ,
ಸ್ವಂತ ಮಗಳನ್ನೇ ವಿಳಾಸ ಕೇಳಿದವಳು
(ಎರಡನೇ ಸಾಲು, ಕಿಟಕಿಯ ಪಕ್ಕದ ಕುರ್ಚಿ)