ಒಡೆಯದೆ ಉಳಿದ ಗುಳ್ಳೆಗಳು

ಕೊಪ್ಪಳ
ಶನಿವಾರ, ೧೪ ಜೂನ್ ೨೦೨೫

ಮುದ್ದು ಮಗಳು ಅಮೃತಾಗೆ ಅವ್ವನ ಆಶೀರ್ವಾದ.

ಹೇಗಿದ್ದೀಯವ್ವ? ಹೋದ ವಾರ ಫೋನಿನಲ್ಲಿ ಕೆಮ್ಮುತ್ತಿದ್ದೆ, ಕಡಿಮೆಯಾಯಿತೇ? ಆ ಹಾಸ್ಟೆಲಿನ ಸಾರು ಮೈಗೆ ಹತ್ತುವುದು ಅಷ್ಟರಲ್ಲೇ ಇದೆ. ನಾನು ಕೊಟ್ಟ ಶೇಂಗಾ ಚಟ್ನಿಪುಡಿಯನ್ನೆಲ್ಲ ಗೆಳತಿಯರಿಗೆ ಹಂಚಿ ದಾನಶೂರಳಾಗಬೇಡ, ನೀನೂ ತಿನ್ನು. ನಿಮ್ಮಪ್ಪ ಬಿತ್ತನೆಗೆಂದು ತಳಕಲ್ಲಿನ ಹೊಲಕ್ಕೆ ಹೋಗಿ ನಾಲ್ಕು ದಿನವಾಯಿತು, ಆರಾಮಾಗಿದ್ದಾರೆ. ನಾನು ಮಾತ್ರ ಎರಡು ದಿನದಿಂದ ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಗೂ ಕಾಲೇಜಿಗೂ ತಿರುಗುತ್ತಿದ್ದೇನೆ. ಎರಡು ಸಲ ನಿನಗೆ ಫೋನ್ ಹಚ್ಚಿ, "ಊಟ ಆತೇನವ್ವ?" ಎಂದಷ್ಟೇ ಕೇಳಿ ಇಟ್ಟುಬಿಟ್ಟೆ. ಬಾಯಲ್ಲಿ ಬಾರದ್ದು ಕೈಯಲ್ಲಾದರೂ ಬಂದೀತೆಂದು ಈ ಕಾಗದ. ನಮ್ಮ ಕೆಮಿಸ್ಟ್ರಿ ಮೇಡಂ ಸಬೀನಾ ಧಾರವಾಡಕ್ಕೆ ಹೊರಟಿದ್ದಾರೆ, ಸಂಜೆಯೊಳಗೆ ನಿನಗೆ ಮುಟ್ಟಿಸುತ್ತಾರೆ.

ಮೇ ತಿಂಗಳಲ್ಲಿ ನೀನು ರಜೆಗೆ ಬಂದು, ನಾನು ಹನ್ನೊಂದು ವರ್ಷದಿಂದ ಅಟೆಂಡರಾಗಿ ಗಾಜು ತೊಳೆಯುತ್ತಿರುವ ನಮ್ಮ ಕಾಲೇಜಿನ ಲ್ಯಾಬಿನಲ್ಲೇ ಕೂತು ಸಂಶೋಧನೆ ಮಾಡಿದೆಯಲ್ಲ, ಆ ಹತ್ತು ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಮೈಕ್ರೋಸ್ಕೋಪಿನಲ್ಲಿ ನನಗೂ ತೋರಿಸಿದೆ: ಕೊಬ್ಬಿನ ತೆಳು ಪೊರೆಯ ಗುಳ್ಳೆಗಳು, ಒಳಗೆ ಸಕ್ಕರೆ ನೀರು. "ಹೊರಗ ಬರೀ ನೀರಿದ್ರ ಅದು ಒಳಗ ನುಗ್ಗತೈತಿ ಅವ್ವ, ಗುಳ್ಳಿ ಉಬ್ಬಿ ಒಡೀತೈತಿ. ಹೊರಗ ಉಪ್ಪು ಇದ್ರ ಅಷ್ಟು ನುಗ್ಗಂಗಿಲ್ಲ," ಎಂದಿದ್ದೆ. ಮೊದಲ ಮೂರು ದಿನ ಎಲ್ಲವೂ ಒಡೆದವು. ನಾಲ್ಕನೇ ದಿನ ಪೊರೆಗೆ ಕೊಲೆಸ್ಟ್ರಾಲ್ ಬೆರೆಸಿದೆ. ಗುಳ್ಳೆಗಳು ಚೂರು ಉಬ್ಬಿ ಹಾಗೇ ನಿಂತವು. "ಒಡೀಲಿಲ್ಲವ್ವ, ಒಂದೂ ಒಡೀಲಿಲ್ಲ!" ಎಂದು ನನ್ನನ್ನು ತಬ್ಬಿ ಗಿರಗಿರನೆ ತಿರುಗಿಸಿದೆ. ಅದನ್ನೇ ಬರೆದ ಪೇಪರನ್ನು ಸೋಮವಾರ ಕಳಿಸುತ್ತೀಯಂತೆ. ಒಂದು ವಾರ ತಡೆದರೆ ಆಗುವುದಿಲ್ಲವೇ? ನಿಮ್ಮ ಗೈಡಿಗೆ ಅವ್ವನಿಗೆ ಹುಷಾರಿಲ್ಲ ಎನ್ನು. ಸುಳ್ಳೇನೂ ಅಲ್ಲ, ಅನ್ನ ಸೇರುತ್ತಿಲ್ಲ.

ಮೇಡಂ ಆಟೋದಲ್ಲಿ ಕೂತು ಕೂಗುತ್ತಿದ್ದಾರೆ. ಹೊತ್ತಿಗೆ ಸರಿಯಾಗಿ ಮಲಗು. ನಿನಗೆ ಒಳ್ಳೆಯದಾಗಲಿ, ತಾಯೀ.

ನಿನ್ನ ಅವ್ವ,
ಬಸವಣ್ಣೆಮ್ಮ

ತಾ.ಕ.: ಕಾಗದ ಮಡಚಿ ಕೊಡಲು ಹೋದೆ, ಮನಸ್ಸು ತಡೆಯಲಿಲ್ಲ. ಮೂರನೇ ದಿನ ಸಂಜೆ ನಿನ್ನ ಮೇಜಿನ ಮೇಲೆ, ನೀನು ಗುಳ್ಳೆಗಳಿಗೆ ಬಳಸುತ್ತಿದ್ದ ಉಪ್ಪಿಲ್ಲದ ಡಿಸ್ಟಿಲ್ಡ್ ವಾಟರ್ ಕ್ಯಾನು ಖಾಲಿಯಾಗಿತ್ತು. ದೀಪ ಹಚ್ಚುವ ಹೊತ್ತಿಗೆ ನೀರಿನ ಪಾತ್ರೆ ಬರಿದಾಗಿರಬಾರದೆಂದು ನಿನ್ನಜ್ಜಿ ಕಲಿಸಿದ ಕೈ ಇದು, ನಲ್ಲಿಯ ಬೋರ್ ನೀರು ತುಂಬಿಸಿಬಿಟ್ಟಿತು. ಬೆಳಿಗ್ಗೆ ಚೆಲ್ಲಿ ಹೊಸ ಕ್ಯಾನು ಇಡಬೇಕೆಂದಿದ್ದೆ, ಮರೆತೆ. ಮೊನ್ನೆ ಗುರುವಾರ ಸ್ಟಾಫ್ ರೂಮಿನ ಕೆಟಲ್ ತಳದಲ್ಲಿ ಆ ನೀರಿನ ಬಿಳಿ ಉಪ್ಪು ಕೆರೆಯುವಾಗ ನೆನಪಾಯಿತು. ನಿನ್ನ ಗುಳ್ಳೆ ಉಳಿದದ್ದು ಕೊಲೆಸ್ಟ್ರಾಲಿನಿಂದಲೋ ನನ್ನ ನೀರಿನಿಂದಲೋ, ನನಗೆ ತಿಳಿಯದು. ಅದೇ ನಲ್ಲಿಯ ನೀರು ಒಂದು ಬಾಟಲಿ ಕಳಿಸಿದ್ದೇನೆ. ಕೊಲೆಸ್ಟ್ರಾಲ್ ಹಾಕದ ಗುಳ್ಳೆಗಳನ್ನು ಅದರಲ್ಲಿ ಬಿಟ್ಟು ನೋಡು. ಅವೂ ಒಡೆಯದಿದ್ದರೆ ಪೇಪರ್ ಕಳಿಸಬೇಡ. ಯಾರು ಮಾಡಿದ್ದೆಂದು ಗೈಡು ಕೇಳಿದರೆ ಅಟೆಂಡರ್ ಅನ್ನಬೇಡ, ನಮ್ಮವ್ವ ಅನ್ನು.