ಯಶವಂತನಗರದ ಮಲ್ಲಿಗೆ ಬಳ್ಳಿ

ಯಶವಂತನಗರ

ಪ್ರೀತಿಯ ಸುಮಂಗಲಕ್ಕನಿಗೆ,

ನೀನು ಕೊಟ್ಟ ಮಲ್ಲಿಗೆಯ ಟೊಂಗೆ ನಿನ್ನ ಬಳ್ಳಿಯದೇ. ಕಡ್ಡಿರಾಂಪುರದಲ್ಲಿ ನಿನ್ನದು ಮೈತುಂಬ ಮೊಗ್ಗು ಬಿಟ್ಟರೆ, ಇಲ್ಲಿ ನನ್ನದು ಸೊರಗಿತು. ಬೇಕಂತಲೇ ರೋಗದ ಟೊಂಗೆ ಕೊಟ್ಟಿದ್ದೀಯ ಎಂದು ಬೈದು, ಆರು ತಿಂಗಳು ಮಾತು ಬಿಟ್ಟೆ.

ಮೊನ್ನೆ ನಿನ್ನ ಮಗಳು ಕಾವ್ಯ ಬಂದವಳು ಒದ್ದೆ ಬಟ್ಟೆಯಿಂದ ಎಲೆ ಒರೆಸಿದಳು. ಮನೆ ಮುಂದೆ ಓಡಾಡುವ ಅದಿರು ಲಾರಿಗಳ ಧೂಳಿಗೆ ಬಟ್ಟೆ ಕೆಂಪಾಯಿತು.

“ಚಿಕ್ಕಮ್ಮ, ಎಲಿಯಾಗಿನ ಹಸುರು ಬಿಸಿಲು ಹಿಡಿದ್ರನ ಗಿಡಕ್ಕ ಊಟ ತಯಾರಾಗೋದು. ಈ ಧೂಳು ಬೆಳಕಿಗೆ ಅಡ್ಡ ಕುಂತೈತಿ. ಅವ್ವಂದೇನೂ ತಪ್ಪಿಲ್ಲ” ಎಂದಳು.

ಈಗ ದಿನಾ ಎಲೆ ತೊಳೆಯುತ್ತೇನೆ. ಚಿಗುರು ಬಂದಿದೆ. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು, ಕ್ಷಮಿಸು. ಭಾನುವಾರ ಬಾ. ಬರುವಾಗ ನಿನ್ನ ಮನೆಯ ಮಲ್ಲಿಗೆ ಮಾತ್ರ ಮುಡಿದುಕೊಂಡು ಬರಬೇಡ. ಅಷ್ಟು ಸಹಿಸಲು ನನಗಿನ್ನೂ ಸ್ವಲ್ಪ ದಿನ ಬೇಕು.

ನಿನ್ನ ತಂಗಿ,
ಅನುಸೂಯಾ